ವಿದ್ಯುತ್ ಒಲೆಗೆ ಎಂಥ ಪಾತ್ರೆ ಬೇಕು?

ಕಳೆದ ಮಳೆಗಾಲದಲ್ಲಿ ಮೈಲೂರಿನ ಗೃಹಿಣಿಯೊಬ್ಬರು ಅಂಗೈ ಸುಟ್ಟುಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದರು. ಗಾಯ ದೊಡ್ಡದೇನಲ್ಲ. ಮುಲಾಮು ಹಚ್ಚಿ ಪಟ್ಟಿ ಕಟ್ಟುತ್ತ, ಹೇಗಾಯಿತೆಂದು ಕೇಳಿದೆ. "ರೊಟ್ಟಿ ಮಾಡೋ ಮುಂದ ತವಾ ಜುಮ್ ಅಂತು ಡಾಕ್ಟ್ರೇ, ಕೈ ಝಾಡಿಸಿದೆ, ತವಾನೇ ಕೈಮ್ಯಾಲೆ ಬಿತ್ತು" ಎಂದರು. ಹೀಗೆ ಜುಮ್ ಎನ್ನುವುದು ಇದೇ ಮೊದಲೇ ಎಂದು ಮತ್ತೆ ಕೇಳಿದೆ. "ಇಲ್ರೀ, ತಿಂಗಳಾತು. ಅದಕ್ಕೇ ಈಗ ಚಪ್ಪಲಿ ಹಾಕ್ಕೊಂಡೇ ಅಡಗಿ ಮಾಡ್ತೀನಿ" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಅಂಗೈಯ ಗಾಯ ಹತ್ತು ದಿನಗಳಲ್ಲಿ ಮಾಯುತ್ತದೆ. ಆದರೆ ಒಂದು ತಿಂಗಳಿಂದ ಅವರ ಜೀವ ಒಂದು ಜೊತೆ ಪ್ಲಾಸ್ಟಿಕ್ ಚಪ್ಪಲಿಯ ಮೇಲೆ ನಿಂತಿತ್ತು! ಮರುದಿನ ಅವರ ಮಗ ಆ ಒಲೆಯನ್ನೇ ಚೀಲದಲ್ಲಿ ತಂದು ತೋರಿಸಿದ. ಕಾಯಿಲ್ ಕೂರಿಸಿದ ಪಿಂಗಾಣಿ ತಟ್ಟೆ ಬಿರುಕು ಬಿಟ್ಟಿತ್ತು. ಉಕ್ಕಿದ ಬೇಳೆಯ ನೀರು, ರೊಟ್ಟಿಯ ಹಿಟ್ಟು ಆ ಬಿರುಕಿನೊಳಗೆ ಇಳಿದು ಕಪ್ಪಾಗಿದ್ದವು. ಪ್ಲಗ್ಗಿನ ಮೂರನೆಯ ದಪ್ಪ ಕಡ್ಡಿಯನ್ನು ಯಾರೋ ಕತ್ತರಿಸಿ ಹಾಕಿದ್ದರು. ಹಳೆಯ ಸಾಕೆಟ್ಟಿಗೆ ಅದು ಹೊಂದಲಿಲ್ಲವಂತೆ.

ಈ ಪ್ರಸಂಗ ನಡೆದ ಮೇಲೆ, ಬರುವ ರೋಗಿಗಳನ್ನೆಲ್ಲ ಅಡುಗೆ ಮನೆಯ ಬಗ್ಗೆ ಒಂದೆರಡು ಮಾತು ಕೇಳುವುದು ನನಗೆ ರೂಢಿಯಾಗಿದೆ. ಸಿಲಿಂಡರ್ ಮುಗಿದಾಗ ಇರಲಿ ಎಂದು ತಂದ ವಿದ್ಯುತ್ ಒಲೆ ಈಗ ಎಷ್ಟೋ ಮನೆಗಳಲ್ಲಿ ದಿನದ ಒಲೆಯಾಗಿದೆ. ಭಾಲ್ಕಿ, ಔರಾದ ಕಡೆಯಿಂದ ಓದಲು ಬೀದರಿಗೆ ಬಂದು ಬಾಡಿಗೆ ಕೋಣೆ ಹಿಡಿದ ಹುಡುಗರಿಗಂತೂ ಅದೊಂದೇ ಒಲೆ. ಆದರೆ ಅದರ ಮೇಲೆ ಎಂಥ ಪಾತ್ರೆ ಇಡಬೇಕು, ಎಂಥದ್ದನ್ನು ಇಡಬಾರದು, ಅದರ ತಂತಿ ಹೇಗಿರಬೇಕು ಎಂಬುದನ್ನು ವಿಚಾರಿಸಿ ತಿಳಿದವರು ಕಡಿಮೆ. ಈ ವಾರ ಅದನ್ನೇ ನೋಡೋಣ.

ಕಾಣದ ಬೆಂಕಿ

ಸೌದೆ ಒಲೆಯಾಗಲಿ, ಗ್ಯಾಸ್ ಒಲೆಯಾಗಲಿ ನಮಗೆ ಮೊದಲೇ ಎಚ್ಚರಿಕೆ ಕೊಡುತ್ತವೆ. ಉರಿ ಕಣ್ಣಿಗೆ ಕಾಣುತ್ತದೆ, ಹೊಗೆ ಮೂಗಿಗೆ ಬಡಿಯುತ್ತದೆ, ಅನಿಲ ಸೋರಿದರೆ ವಾಸನೆ ಬರುತ್ತದೆ. ಚಿಕ್ಕ ಮಗು ಕೂಡ ಉರಿ ಕಂಡರೆ ಹಿಂದೆ ಸರಿಯುತ್ತದೆ. ವಿದ್ಯುತ್ ಒಲೆಗೆ ಈ ಗುಣವಿಲ್ಲ. ಅದರ ಬಿಸಿ ಕಣ್ಣಿಗೆ ಕಾಣುವುದಿಲ್ಲ, ಅದರೊಳಗಿನ ವಿದ್ಯುತ್ತೂ ಕಾಣುವುದಿಲ್ಲ. ಆದ್ದರಿಂದ ಇಲ್ಲಿ ಕಣ್ಣು ಮೂಗುಗಳು ಮಾಡುವ ಕೆಲಸವನ್ನು ತಿಳಿವಳಿಕೆಯೇ ಮಾಡಬೇಕಾಗುತ್ತದೆ.

ಹಾಗೆಂದು ನಾನು ವಿದ್ಯುತ್ ಒಲೆಯ ವಿರೋಧಿಯಲ್ಲ. ವೈದ್ಯನಾಗಿ ಅದನ್ನು ಸ್ವಾಗತಿಸುತ್ತೇನೆ. ಸೌದೆ, ಕುರುಳು, ಸೀಮೆಎಣ್ಣೆಗಳ ಹೊಗೆ ಅಡುಗೆ ಮಾಡುವವರ ಶ್ವಾಸಕೋಶವನ್ನು ವರ್ಷವರ್ಷವೂ ಸವೆಸುತ್ತದೆ. ಮನೆಯೊಳಗಿನ ಹೊಗೆಯ ಕಾರಣದಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ದಮ್ಮು, ಹಳೆಯ ಕೆಮ್ಮು ಇರುವವರು ಉರಿಯಿಲ್ಲದ ಒಲೆಗೆ ಬದಲಾಯಿಸಿಕೊಂಡರೆ ಅವರಿಗೆ ಹಿತವೇ. ಆದರೆ ಒಲೆ ಸರಿಯಾಗಿರಬೇಕು, ಪಾತ್ರೆ ಅದಕ್ಕೆ ಒಪ್ಪುವಂತಿರಬೇಕು.

ಒಲೆಗಳ ಬಗೆ

ಅಂಗಡಿಯಲ್ಲಿ ಸಿಗುವ ವಿದ್ಯುತ್ ಒಲೆಗಳನ್ನು ಮೂರು ಗುಂಪಾಗಿ ನೋಡಬಹುದು.

ಮೊದಲನೆಯದು ಬಯಲು ಕಾಯಿಲಿನ ಒಲೆ. ಪಿಂಗಾಣಿ ತಟ್ಟೆಯ ಗೀರುಗಳಲ್ಲಿ ಸುರುಳಿ ತಂತಿ ಕೂರಿಸಿರುತ್ತಾರೆ. ನಿಕ್ಕಲ್ ಮತ್ತು ಕ್ರೋಮಿಯಂ ಬೆರೆತ ಆ ತಂತಿಯಲ್ಲಿ ವಿದ್ಯುತ್ ಹರಿದಾಗ ಅದು ಕೆಂಪಗೆ ಕಾಯುತ್ತದೆ. ಇದು ಬೆಲೆಯಲ್ಲಿ ಅಗ್ಗ, ಆದರೆ ಅಪಾಯದಲ್ಲಿ ಮೊದಲನೆಯದು. ಏಕೆಂದರೆ ಆ ತಂತಿಗೂ ನಿಮಗೂ ನಡುವೆ ಯಾವ ಮರೆಯೂ ಇಲ್ಲ. ಚಮಚ ಜಾರಿ ತಂತಿಗೆ ತಾಗಿದರೂ ಸಾಕು, ಹಾಲು ಉಕ್ಕಿ ಮೇಲೆ ಬಿದ್ದರೂ ಸಾಕು, 230 ವೋಲ್ಟ್ ನೇರವಾಗಿ ಕೈಗೆ ಬರಬಹುದು.

ಎರಡನೆಯದು ಮುಚ್ಚಿದ ಒಲೆ. ಕಾಯುವ ತಂತಿಯನ್ನು ಎರಕದ ಕಬ್ಬಿಣದ ಬಿಲ್ಲೆಯ ಒಳಗೋ ದಪ್ಪ ಗಾಜಿನ ಕೆಳಗೋ ಇಟ್ಟಿರುತ್ತಾರೆ. ಗಾಜಿನ ಬಗೆಯನ್ನು ಇನ್ಫ್ರಾರೆಡ್ ಒಲೆ ಎಂದು ಮಾರುತ್ತಾರೆ. ಇಲ್ಲಿ ವಿದ್ಯುತ್ ಕೈಗೆ ಸಿಗುವುದಿಲ್ಲ. ಆದರೆ ಗುಂಡಿ ಆರಿಸಿದ ಮೇಲೂ ಬಿಸಿ ಬಹಳ ಹೊತ್ತು ಉಳಿಯುತ್ತದೆ. ಕಬ್ಬಿಣದ ಬಿಲ್ಲೆ ನೋಡಲು ತಣ್ಣಗಿರುವಂತೆ ಕಪ್ಪಗೇ ಇರುತ್ತದೆ, ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ.

ಮೂರನೆಯದು ಇಂಡಕ್ಷನ್ ಒಲೆ. ಇದರ ಗಾಜು ತಾನಾಗಿ ಕಾಯುವುದಿಲ್ಲ. ಗಾಜಿನ ಕೆಳಗಿರುವ ತಾಮ್ರದ ಸುರುಳಿ ಕ್ಷಣಕ್ಕೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಆ ಕ್ಷೇತ್ರ ಕಬ್ಬಿಣದ ಅಂಶವಿರುವ ಪಾತ್ರೆಯ ತಳದಲ್ಲಿ ವಿದ್ಯುತ್ ಹರಿಯುವಂತೆ ಮಾಡಿ, ತಳವನ್ನೇ ಕಾಯಿಸುತ್ತದೆ. ಎಂದರೆ ಇಲ್ಲಿ ಪಾತ್ರೆಯೇ ಒಲೆ! ಒಲೆ ಎಳೆದುಕೊಂಡ ವಿದ್ಯುತ್ತಿನಲ್ಲಿ ಶೇಕಡಾ 80ಕ್ಕೂ ಹೆಚ್ಚು ಪಾತ್ರೆಗೇ ಸೇರುತ್ತದೆ. ಪಾತ್ರೆ ಎತ್ತಿದರೆ ಕಾಯುವುದು ನಿಲ್ಲುತ್ತದೆ. ಆದರೆ ಪಾತ್ರೆಯ ಬಿಸಿ ತಗಲಿ ಗಾಜು ಕೂಡ ಕೈ ಸುಡುವಷ್ಟು ಕಾದಿರುತ್ತದೆ ಎಂಬುದನ್ನು ಮರೆಯಬಾರದು.

ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟೆ. ಎರಡನೆಯ ಅಥವಾ ಮೂರನೆಯ ಬಗೆಯನ್ನು ಕೊಳ್ಳಿ, ಐ.ಎಸ್.ಐ. ಗುರುತು ನೋಡಿ ಕೊಳ್ಳಿ. ಬಯಲು ಕಾಯಿಲಿನ ಒಲೆ ಮನೆಯಲ್ಲಿದ್ದರೆ ಅದನ್ನು ಬಿಡುವ ದಾರಿ ಹುಡುಕಿ.

ಜುಮ್ ಎಂದರೆ ಏನರ್ಥ?

ನಮ್ಮ ದೇಹಕ್ಕೆ ಅಪಾಯ ತರುವುದು ದೇಹದ ಮೂಲಕ ಹರಿಯುವ ವಿದ್ಯುತ್ತಿನ ಪ್ರಮಾಣ. ಒಂದು ಆಂಪಿಯರಿನ ಸಾವಿರದಲ್ಲಿ ಒಂದು ಭಾಗಕ್ಕೆ ಮಿಲಿ ಆಂಪಿಯರ್ ಎನ್ನುತ್ತಾರೆ. ಒಂದು ಮಿಲಿ ಆಂಪಿಯರ್ ಹರಿದರೆ ಜುಮ್ ಎನ್ನುತ್ತದೆ. ಸುಮಾರು 10 ಮಿಲಿ ಆಂಪಿಯರಿಗೆ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲು ಆಗುವುದಿಲ್ಲ. 50ರಿಂದ 100 ಮಿಲಿ ಆಂಪಿಯರ್ ಎದೆಯ ಮೂಲಕ ಹಾದರೆ ಹೃದಯ ಲಯ ತಪ್ಪಿ ನಡುಗತೊಡಗಿ, ರಕ್ತ ದೂಡುವುದನ್ನೇ ನಿಲ್ಲಿಸಬಹುದು.

ಒಣ ಚರ್ಮ ವಿದ್ಯುತ್ತಿಗೆ ಒಳ್ಳೆಯ ತಡೆ. ಆದರೆ ಒದ್ದೆಯಾದ ಚರ್ಮದ ತಡೆ ಒಂದು ಸಾವಿರ ಓಮ್‌ಗೆ ಇಳಿಯಬಹುದು. ಆಗ 230 ವೋಲ್ಟಿಗೆ ದೇಹದಲ್ಲಿ 230 ಮಿಲಿ ಆಂಪಿಯರ್ ಹರಿಯುತ್ತದೆ. ಜೋಳದ ರೊಟ್ಟಿ ಬಡಿಯುವಾಗ ನಮ್ಮ ಹೆಣ್ಣುಮಕ್ಕಳ ಕೈ ಯಾವಾಗಲೂ ಒದ್ದೆ, ಪಕ್ಕದಲ್ಲೇ ನೀರಿನ ಬಟ್ಟಲು, ಕೆಳಗೆ ಸಾರಿಸಿದ ನೆಲ ಅಥವಾ ಫರಸಿ. ಇಂದು ಜುಮ್ ಎಂದ ಒಲೆ, ನಾಳೆ ಚಪ್ಪಲಿ ಇಲ್ಲದ ದಿನ ಜೀವ ತೆಗೆಯಬಹುದು. ಆದ್ದರಿಂದ ಜುಮ್ ಎಂದರೆ ಒಲೆ ಹಳತಾಯಿತು ಎಂದಷ್ಟೇ ತಿಳಿಯಬೇಡಿ. ವಿದ್ಯುತ್ ಸೋರುತ್ತಿದೆ, ಅದು ನೆಲಕ್ಕೆ ಹೋಗಲು ನಿಮ್ಮ ದೇಹದ ದಾರಿ ಹುಡುಕುತ್ತಿದೆ ಎಂದೇ ಅದರ ಅರ್ಥ. ಆ ಕ್ಷಣದಲ್ಲೇ ಬಳಕೆ ನಿಲ್ಲಿಸಬೇಕು.

ಪ್ಲಗ್ಗಿನ ಮೂರನೆಯ ದಪ್ಪ ಕಡ್ಡಿ ಇರುವುದು ಇದಕ್ಕಾಗಿಯೇ. ಸೋರಿದ ವಿದ್ಯುತ್ತನ್ನು ಅದು ಅರ್ಥಿಂಗ್ ತಂತಿಯ ಮೂಲಕ ನೆಲಕ್ಕೆ ಸಾಗಿಸುತ್ತದೆ. ಆದರೆ ಸಾಕೆಟ್ಟಿನಲ್ಲಿ ಮೂರು ತೂತುಗಳಿವೆ ಎಂದ ಮಾತ್ರಕ್ಕೆ ಹಿಂದೆ ಅರ್ಥಿಂಗ್ ಇದೆ ಎಂದೇನೂ ಇಲ್ಲ. ಬೀದರಿನದು ಜಂಬಿಟ್ಟಿಗೆಯ ಗಟ್ಟಿ ನೆಲ. ಅರ್ಥಿಂಗ್ ಗುಂಡಿ ಆಳವಿಲ್ಲದಿದ್ದರೆ ಬೇಸಿಗೆಯಲ್ಲಿ ಒಣಗಿ ಕೆಲಸ ಬಿಡುತ್ತದೆ. ವರ್ಷಕ್ಕೊಮ್ಮೆ ತಿಳಿದ ಎಲೆಕ್ಟ್ರಿಶಿಯನ್ನರನ್ನು ಕರೆಸಿ ಪರೀಕ್ಷೆ ಮಾಡಿಸಿರಿ, ಬೇಸಿಗೆಯಲ್ಲಿ ಗುಂಡಿಗೆ ಆಗಾಗ ನೀರು ಹಾಕಿರಿ.

ಇದರ ಜೊತೆಗೆ ಮೀಟರಿನ ಬಳಿ ಸೋರಿಕೆ ಹಿಡಿಯುವ ಸ್ವಿಚ್ಚೊಂದನ್ನು ಹಾಕಿಸಿಕೊಳ್ಳಬೇಕು. ಅದಕ್ಕೆ ಆರ್.ಸಿ.ಸಿ.ಬಿ. ಎಂದು ಹೆಸರು. 30 ಮಿಲಿ ಆಂಪಿಯರಿನದನ್ನೇ ಕೇಳಿ ಪಡೆಯಿರಿ. ಅಷ್ಟು ವಿದ್ಯುತ್ ದಾರಿ ತಪ್ಪಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಸರಬರಾಜು ಕಡಿಯುತ್ತದೆ. ಮನೆ ಕಟ್ಟುವಾಗ ಬಾಗಿಲಿಗೆ, ಬಣ್ಣಕ್ಕೆ ಮಾಡುವ ಖರ್ಚಿನ ಮುಂದೆ ಇದು ಏನೂ ಅಲ್ಲ.

ಇನ್ನೊಂದು ಲೆಕ್ಕ. 2000 ವ್ಯಾಟಿನ ಒಲೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ದೀಪ, ಫ್ಯಾನುಗಳಿಗೆಂದು ಇರುವ 5 ಆಂಪಿಯರಿನ ಚಿಕ್ಕ ಸಾಕೆಟ್ಟಿಗೆ ಅದನ್ನು ಸಿಕ್ಕಿಸಿದರೆ ತಂತಿ ಕಾದು ಬೆಂಕಿ ಹತ್ತಬಹುದು. 15 ಅಥವಾ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ಕೋಣೆಯಲ್ಲಿರುವ ವಿದ್ಯಾರ್ಥಿಗಳು ಮೊಬೈಲ್ ಚಾರ್ಜಿಗೆ ಬಳಸುವ ತೆಳು ತಂತಿಯ ಎಕ್ಸ್‌ಟೆನ್ಶನ್ ಬೋರ್ಡಿಗೆ ಒಲೆ ಸಿಕ್ಕಿಸುವುದನ್ನು ನಾನೇ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿರಿ.

ಮೊದಲು ತಳ ನೋಡಿರಿ

ಪಾತ್ರೆ ಕೊಳ್ಳುವಾಗ ನಾವು ಹೊಳಪು ನೋಡುತ್ತೇವೆ, ತೂಕ ನೋಡುತ್ತೇವೆ. ವಿದ್ಯುತ್ ಒಲೆಗಾದರೆ ಮೊದಲು ಬೋರಲು ಹಾಕಿ ತಳ ನೋಡಬೇಕು.

ಗ್ಯಾಸಿನ ಉರಿ ಗುಂಡು ತಳವನ್ನೂ ಸುತ್ತುವರಿದು ಕಾಯಿಸುತ್ತದೆ. ವಿದ್ಯುತ್ ಒಲೆಯ ಬಿಸಿ ಮುಟ್ಟಿದ ಕಡೆಗೆ ಮಾತ್ರ ಸರಿಯಾಗಿ ಹೋಗುತ್ತದೆ. ತಳ ಗುಂಡಗಿದ್ದರೆ, ಒಳಗೆ ಬಾಗಿದ್ದರೆ, ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಒಂದು ಕಡೆ ಸೀಯುತ್ತದೆ, ಇನ್ನೊಂದು ಕಡೆ ಬೇಯುವುದಿಲ್ಲ. ಪಾತ್ರೆ ಅಲುಗಾಡಿ ಬಿಸಿ ಸಾರು ಮೈಮೇಲೆ ಚೆಲ್ಲುವ ಅಪಾಯವೂ ಇದೆ. ತಳದ ಮೇಲೆ ಒಂದು ಅಡಿಪಟ್ಟಿಯನ್ನು ಅಡ್ಡಲಾಗಿ ಇಟ್ಟು ನೋಡಿರಿ. ಪಟ್ಟಿಯ ಕೆಳಗೆ ಬೆಳಕು ಕಾಣದಿದ್ದರೆ ತಳ ಸಮವಾಗಿದೆ.

ತಳ ದಪ್ಪವಾಗಿರಬೇಕು. ತೆಳು ತಳ ಬೇಗ ಸೊಟ್ಟಗಾಗುತ್ತದೆ. ತಳದ ಅಗಲ ಒಲೆಯ ಮೇಲೆ ಬರೆದ ವೃತ್ತದಷ್ಟೇ ಇರಬೇಕು. ಚಿಕ್ಕದಾದರೆ ಕಾಯಿಲ್ ಒಲೆಯಲ್ಲಿ ಬಿಸಿ ವ್ಯರ್ಥ, ಹಿಡಿಕೆ ಸುಡುತ್ತದೆ. ಇಂಡಕ್ಷನ್ ಒಲೆಯಲ್ಲಿ ಕಾಂತಕ್ಷೇತ್ರ ಪಾತ್ರೆಯ ಆಚೆ ಹೆಚ್ಚು ಹರಡುತ್ತದೆ.

ಇಂಡಕ್ಷನ್ ಒಲೆಗೆ ಇನ್ನೊಂದು ಪರೀಕ್ಷೆ ಇದೆ. ಮಕ್ಕಳ ಆಟಿಕೆಯದೊಂದು ಅಯಸ್ಕಾಂತ ತೆಗೆದುಕೊಂಡು ಅಂಗಡಿಗೆ ಹೋಗಿರಿ. ಅದು ತಳಕ್ಕೆ ಗಟ್ಟಿಯಾಗಿ ಅಂಟಿದರೆ ಆ ಪಾತ್ರೆ ನಡೆಯುತ್ತದೆ. ಅಂಟದಿದ್ದರೆ ಎಷ್ಟು ಬೆಲೆ ಕೊಟ್ಟು ತಂದರೂ ಒಲೆ ಕೆಲಸ ಮಾಡುವುದಿಲ್ಲ. ಸ್ಟೀಲ್ ಎಂದ ಮಾತ್ರಕ್ಕೆ ಅಂಟುತ್ತದೆಂದು ತಿಳಿಯಬೇಡಿ. ನಿಕ್ಕಲ್ ಹೆಚ್ಚಿರುವ ಸ್ಟೀಲಿಗೆ ಅಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ. ಆದ್ದರಿಂದಲೇ ಒಳ್ಳೆಯ ಪಾತ್ರೆಗಳಲ್ಲಿ ಮೂರು ಪದರಗಳ ತಳ ಮಾಡುತ್ತಾರೆ. ಒಳಗೆ ಸ್ಟೀಲ್, ನಡುವೆ ಶಾಖ ಹರಡಲು ಅಲ್ಯೂಮಿನಿಯಂ, ಕೆಳಗೆ ಅಯಸ್ಕಾಂತ ಹಿಡಿಯುವ ಸ್ಟೀಲ್.

ಯಾವ ಲೋಹ ಒಳ್ಳೆಯದು?

ಸ್ಟೇನ್‌ಲೆಸ್ ಸ್ಟೀಲ್: ದಿನದ ಅಡುಗೆಗೆ ಇದೇ ನಿಶ್ಚಿಂತೆಯ ಪಾತ್ರೆ. ಹುಳಿ, ಉಪ್ಪು ಯಾವುದಕ್ಕೂ ಸುಲಭವಾಗಿ ಕರಗುವುದಿಲ್ಲ. ತಳ ದಪ್ಪವಾಗಿದ್ದು, ಉರಿ ಮಧ್ಯಮದಲ್ಲಿದ್ದರೆ ಅಡುಗೆ ಹತ್ತುವುದಿಲ್ಲ. ನೀರು ಕುದಿದ ಮೇಲೆ ಉಪ್ಪು ಹಾಕಿದರೆ ತಳದಲ್ಲಿ ಚುಕ್ಕೆ ಬೀಳುವುದಿಲ್ಲ.

ಕಬ್ಬಿಣ: ಎಲ್ಲ ಬಗೆಯ ವಿದ್ಯುತ್ ಒಲೆಗೂ ಒಪ್ಪುತ್ತದೆ. ಅಡುಗೆಯೊಳಗೆ ಸ್ವಲ್ಪ ಕಬ್ಬಿಣದ ಅಂಶ ಇಳಿಯುವುದೂ ಲಾಭವೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇತ್ತು. ಕಬ್ಬಿಣದ ಬಾಣಲೆ ಮಾತ್ರೆಗೆ ಬದಲಿಯಲ್ಲ, ಆದರೆ ಒಂದು ಸಣ್ಣ ಸಹಾಯ. ಬೇಯಿಸಿದ ಪಲ್ಯವನ್ನು ಅದರಲ್ಲೇ ರಾತ್ರಿಯಿಡೀ ಬಿಡಬೇಡಿ, ರುಚಿ ಕೆಡುತ್ತದೆ. ಥಲಸ್ಸೀಮಿಯಾ ಇರುವವರು ಮಾತ್ರ ತಮ್ಮ ವೈದ್ಯರನ್ನು ಕೇಳಿ ಬಳಸಬೇಕು. ಎರಕದ ಕಬ್ಬಿಣದ ಭಾರದ ಪಾತ್ರೆಯನ್ನು ಗಾಜಿನ ಒಲೆಯ ಮೇಲೆ ಎಳೆಯಬಾರದು, ಎತ್ತಿ ಇಡಬೇಕು.

ಅಲ್ಯೂಮಿನಿಯಂ: ಬಿಸಿ ಬೇಗ ಹರಡುತ್ತದೆ, ಅಗ್ಗವಾಗಿ ಸಿಗುತ್ತದೆ. ಆದರೆ ಹುಳಿಗೆ ಕರಗುತ್ತದೆ. ಪುಂಡಿಪಲ್ಯ, ಹುಣಸೆ ಸಾರು, ಟೊಮೆಟೊ ಗೊಜ್ಜು, ಅಂಬಲಿ ಇವುಗಳನ್ನು ಅದರಲ್ಲಿ ಕುದಿಸುವುದೂ ಬೇಡ, ಇಟ್ಟು ಬಿಡುವುದೂ ಬೇಡ. ಮೂತ್ರಪಿಂಡದ ಕಾಯಿಲೆ ಇರುವವರ ದೇಹ ಅಲ್ಯೂಮಿನಿಯಮನ್ನು ಹೊರಹಾಕಲಾರದು, ಅವರ ಮನೆಯಲ್ಲಿ ಇನ್ನೂ ಎಚ್ಚರ ಬೇಕು. ಗುಜರಿ ಲೋಹ ಕರಗಿಸಿ ಮಾಡಿದ, ಹೆಸರು ವಿಳಾಸ ಇಲ್ಲದ ಪಾತ್ರೆಗಳಲ್ಲಿ ಸೀಸವೂ ಸೇರಿರಬಹುದು. ನಮ್ಮಲ್ಲಿ ಹಿಂಡಾಲಿಯಂ ಎಂದು ಕರೆಯುವ ಮಿಶ್ರಲೋಹದ ಕೆಲವು ಪಾತ್ರೆಗಳಿಂದ ಆಹಾರಕ್ಕೆ ಸೀಸ ಇಳಿಯಬಹುದೆಂದು 2025ರ ಆಗಸ್ಟಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಕೆ ಕೊಟ್ಟಿತು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿಸುತ್ತದೆ, ಇಷ್ಟು ಇದ್ದರೆ ತೊಂದರೆಯಿಲ್ಲ ಎನ್ನುವ ಮಿತಿ ಅದಕ್ಕಿಲ್ಲ. ಆದ್ದರಿಂದ ತೂಕದ ಲೆಕ್ಕದಲ್ಲಿ ಮಾರುವ ಗುರುತಿಲ್ಲದ ಪಾತ್ರೆ ಬೇಡ. ಇನ್ನು ಬರಿ ಅಲ್ಯೂಮಿನಿಯಂ ಪಾತ್ರೆ ಇಂಡಕ್ಷನ್ ಒಲೆಯಲ್ಲಿ ಕಾಯುವುದೇ ಇಲ್ಲ.

ತಾಮ್ರ, ಹಿತ್ತಾಳೆ: ಅಜ್ಜಿಯ ಕಾಲದ ಹಂಡೆ, ಬೋಗುಣಿಗಳ ಮೇಲೆ ನಮಗೆಲ್ಲ ಪ್ರೀತಿ. ಆದರೆ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯಲ್ಲಿ ಹುಳಿ ಪದಾರ್ಥ ಮಾಡಿದರೆ ಕಿಲುಬು ಬೆರೆತು ವಾಂತಿ, ಹೊಟ್ಟೆನೋವು ಬರುತ್ತದೆ. ಕಲಾಯಿ ಎಂದರೆ ತವರದ ತೆಳು ಲೇಪ. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಖಾಲಿ ಪಾತ್ರೆಯನ್ನು ವಿದ್ಯುತ್ ಒಲೆಯ ಮೇಲೆ ಮರೆತರೆ ಕಲಾಯಿ ಕರಗಿ ಹೋಗುತ್ತದೆ. ಸೀಸ ಬೆರೆಸಿದ ಅಗ್ಗದ ಕಲಾಯಿ ಮಾಡುವವರೂ ಇದ್ದಾರೆ, ನಂಬಿಕೆಯವರಿಂದಲೇ ಮಾಡಿಸಿರಿ. ಈ ಪಾತ್ರೆಗಳೂ ಸಾಮಾನ್ಯ ಇಂಡಕ್ಷನ್ ಒಲೆಯಲ್ಲಿ ನಡೆಯುವುದಿಲ್ಲ.

ಇಲ್ಲಿಯೇ ನಮ್ಮ ಊರಿನ ಬಿದರಿ ಸಾಮಾನಿನ ಬಗ್ಗೆಯೂ ಒಂದು ಮಾತು. ಬಿದರಿಯ ಲೋಹದಲ್ಲಿ ಹೆಚ್ಚಿನ ಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಸತು ಹುಳಿಗೆ ಬೇಗ ಕರಗಿ ವಾಂತಿ ತರಿಸುತ್ತದೆ. ಬೆಳ್ಳಿಯ ಕುಸುರಿ ಎಷ್ಟೇ ಚೆಂದವಿರಲಿ, ಬಿದರಿ ಬಟ್ಟಲು ಕಪಾಟಿನಲ್ಲಿರಲಿ. ಒಲೆಯ ಮೇಲೆ, ಊಟದ ತಟ್ಟೆಯ ಪಕ್ಕದಲ್ಲಿ ಬೇಡ.

ನಾನ್‌ಸ್ಟಿಕ್: ಇದರ ಲೇಪ 260 ಡಿಗ್ರಿಯ ಮೇಲೆ ಕೆಡಲು ತೊಡಗುತ್ತದೆ. 350 ಡಿಗ್ರಿಯ ಹತ್ತಿರ ಬಂದರೆ ವಿಷದ ಹೊಗೆ ಬಿಡುತ್ತದೆ. ಗ್ಯಾಸಿಗಿಂತ ಇಂಡಕ್ಷನ್ ಒಲೆಯಲ್ಲಿ ಖಾಲಿ ತವಾ ಬೇಗನೆ ಈ ಬಿಸಿಗೆ ಏರುತ್ತದೆ, ಉರಿ ಕಾಣದ್ದರಿಂದ ಗೊತ್ತಾಗುವುದೂ ಇಲ್ಲ. ಆ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ, ಕೆಮ್ಮು, ಎದೆ ಬಿಗಿತ ಬರುತ್ತದೆ. ಫ್ಲೂ ಎಂದೇ ತಿಳಿಯುತ್ತಾರೆ. ಮನೆಯಲ್ಲಿ ಸಾಕಿದ ಗಿಳಿಗಳು ಸತ್ತೇ ಹೋಗಬಹುದು. ನಾನ್‌ಸ್ಟಿಕ್ ಪಾತ್ರೆಯನ್ನು ಖಾಲಿ ಕಾಯಿಸಬಾರದು, ಹೆಚ್ಚಿನ ಶಾಖಕ್ಕೆ ಇಡಬಾರದು, ಲೇಪ ಎದ್ದ ಮೇಲೆ ಇಟ್ಟುಕೊಳ್ಳಬಾರದು. ಜೋಳದ ರೊಟ್ಟಿಗಂತೂ ಅದು ತಕ್ಕ ತವಾ ಅಲ್ಲ.

ಮಣ್ಣಿನ ಗಡಿಗೆ: ಇಂಡಕ್ಷನ್ ಒಲೆಗೆ ನಡೆಯುವುದಿಲ್ಲ. ಬೇರೆ ವಿದ್ಯುತ್ ಒಲೆಗಳ ಮೇಲೆ ಒಂದೇ ಕಡೆ ಕಾದು ಒಡೆದು, ಒಳಗಿನದೆಲ್ಲ ಕಾಯಿಲಿನ ಮೇಲೆ ಸುರಿಯಬಹುದು.

ಪ್ರೆಶರ್ ಕುಕ್ಕರ್: ಇಂಡಕ್ಷನ್ ಒಲೆಗೆ ಅದಕ್ಕೆಂದೇ ಮಾಡಿದ ತಳವಿರುವ ಕುಕ್ಕರ್ ಬೇಕು. ಒತ್ತಡ ಬೇಗ ಏರುತ್ತದೆ. ಮೊದಲ ಸೀಟಿಯಾದ ಕೂಡಲೇ ಶಾಖ ಇಳಿಸಿರಿ. ಹಬೆಯ ರಂಧ್ರವನ್ನು ಪ್ರತಿಸಲ ಊದಿ ನೋಡಿರಿ.

ಜೋಳದ ರೊಟ್ಟಿ ಆಗುತ್ತದೆಯೇ?

ನಮ್ಮ ಭಾಗದ ಎಲ್ಲ ಮನೆಗಳಲ್ಲಿ ಬರುವ ಪ್ರಶ್ನೆ ಇದು. ಆಗುತ್ತದೆ. ಆದರೆ ನಡು ತಗ್ಗಾದ ಹಳೆಯ ತವಾ ಆಗುವುದಿಲ್ಲ. ಸಮತಳದ ದಪ್ಪ ಕಬ್ಬಿಣದ ತವಾ ಬೇಕು. ಅದನ್ನು ಮಧ್ಯಮ ಶಾಖದಲ್ಲಿ ನಿಧಾನವಾಗಿ ಕಾಯಿಸಿರಿ. ಒಮ್ಮೆಗೇ ಪೂರ್ಣ ಶಾಖ ಕೊಟ್ಟರೆ ತವಾ ಬಿರಿಯಬಹುದು. ರೊಟ್ಟಿ ಹಾಕಿ, ಮೇಲೆ ನೀರು ಸವರಿ, ನೀರಾರಿದ ಮೇಲೆ ತಿರುವಿ ಹಾಕಿ, ಒಣ ಬಟ್ಟೆಯ ಮುದ್ದೆಯಿಂದ ಅಂಚಿನಿಂದ ಅಂಚಿಗೆ ಒತ್ತುತ್ತ ಬಂದರೆ ತವಾದ ಮೇಲೆಯೇ ಉಬ್ಬುತ್ತದೆ. ಕೆಂಡದ ರೊಟ್ಟಿಯ ರುಚಿ ಬರಲಿಲ್ಲವೆಂದು ಹಿರಿಯರು ಮೂಗು ಮುರಿಯಬಹುದು, ನಾಲ್ಕು ದಿನಕ್ಕೆ ರೂಢಿಯಾಗುತ್ತದೆ.

ಆದರೆ ಒಂದು ಕೆಲಸ ಮಾತ್ರ ಎಂದಿಗೂ ಮಾಡಬೇಡಿರಿ. ರೊಟ್ಟಿ ಉಬ್ಬಿಸಲೆಂದು ಬಯಲು ಕಾಯಿಲಿನ ಮೇಲೆಯೇ ಅದನ್ನು ಇಟ್ಟು ಚಿಮಟಾದಿಂದ ತಿರುವುವವರಿದ್ದಾರೆ. ಹಸಿ ರೊಟ್ಟಿಯೊಳಗೆ ನೀರಿದೆ, ಉಪ್ಪಿದೆ. ಚಿಮಟಾ ಕಬ್ಬಿಣದ್ದು. ಕಾಯಿಲಿನಿಂದ ಕೈಗೆ ವಿದ್ಯುತ್ತಿಗೆ ನೇರ ದಾರಿ ಹಾಕಿಕೊಟ್ಟಂತೆ.

ಬಿಲ್ಲಿನ ಮಾತು

2000 ವ್ಯಾಟಿನ ಒಲೆ ಪೂರ್ಣ ಶಾಖದಲ್ಲಿ ಒಂದು ಗಂಟೆ ಉರಿದರೆ 2 ಯೂನಿಟ್. ದಿನಕ್ಕೆ ಒಂದು ಗಂಟೆಯಂತೆ ತಿಂಗಳಿಗೆ 60 ಯೂನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿಯ ಲಾಭ ಪಡೆಯುವವರು ತಮ್ಮ ಬಳಕೆ 200 ಯೂನಿಟ್ ದಾಟದಂತೆ ಲೆಕ್ಕ ಇಡುವುದು ಒಳ್ಳೆಯದು. ಹಳ್ಳಿಗಳಲ್ಲಿ ವೋಲ್ಟೇಜ್ ಇಳಿದಾಗ ಕಾಯಿಲ್ ಒಲೆ ಸೋಮಾರಿಯಾಗುವುದನ್ನೂ ನೀವು ಕಂಡಿರಬಹುದು. 230ರ ಬದಲು 180 ವೋಲ್ಟ್ ಬಂದರೆ ಅದರ ಶಕ್ತಿ ಶೇಕಡಾ 61ಕ್ಕೆ ಇಳಿಯುತ್ತದೆ. ಆಗ ಅನ್ನ ಅರೆಬೆಂದು ಉಳಿದರೆ ತಪ್ಪು ಪಾತ್ರೆಯದಲ್ಲ. ಮುಚ್ಚಳ ಮುಚ್ಚಿ ಬೇಯಿಸಿರಿ, ಬೇಳೆ ನೆನೆಸಿಟ್ಟು ಬೇಯಿಸಿರಿ. ಎರಡರಿಂದಲೂ ಯೂನಿಟ್ ಉಳಿಯುತ್ತದೆ.

ಯಾರಿಗೆ ಹೆಚ್ಚಿನ ಎಚ್ಚರ?

ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಇಂಡಕ್ಷನ್ ಒಲೆಯಿಂದ ಎರಡು ಅಡಿ, ಎಂದರೆ 60 ಸೆಂಟಿಮೀಟರ್ ದೂರ ನಿಲ್ಲಬೇಕು, ತಮ್ಮ ಹೃದ್ರೋಗ ತಜ್ಞರನ್ನು ಒಮ್ಮೆ ಕೇಳಬೇಕು. ಗರ್ಭಿಣಿಯರು ಇಂಡಕ್ಷನ್ ಒಲೆಗೆ ಹೆದರಿ ಬರುತ್ತಾರೆ. ಅದರ ಕಾಂತಕ್ಷೇತ್ರ ಎಕ್ಸ್-ರೇಯಂಥ ವಿಕಿರಣವಲ್ಲ, ದೂರ ಸರಿದಂತೆ ಬೇಗ ಕುಗ್ಗುತ್ತದೆ. ವೃತ್ತ ತುಂಬುವ ಪಾತ್ರೆ ಇಟ್ಟು, ಹೊಟ್ಟೆ ಒಲೆಯ ಅಂಚಿಗೆ ತಾಗದಂತೆ ನಿಂತರೆ ಸಾಕು. ಸಕ್ಕರೆ ಕಾಯಿಲೆಯಿಂದ ಬೆರಳುಗಳ ಸ್ಪರ್ಶ ಕಳೆದುಕೊಂಡವರು ಒಲೆ ತಣ್ಣಗಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಬಾರದು, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಒಲೆ ನೆಲದ ಮೇಲೆ ಬೇಡ, ತಂತಿ ಕಟ್ಟೆಯಿಂದ ಜೋತಾಡುವುದು ಬೇಡ. ಮಗು ತಂತಿ ಎಳೆದರೆ ಕುದಿಯುವ ಬೇಳೆ ಅದರ ತಲೆಯ ಮೇಲೆ ಬರುತ್ತದೆ.

ಅನಾಹುತವಾದರೆ

ಸುಟ್ಟರೆ ಕೂಡಲೇ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಉಂಗುರ, ಬಳೆ ತೆಗೆಯಿರಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ಅರಿಶಿನ, ಬೆಣ್ಣೆ ಯಾವುದೂ ಬೇಡ. ಬೊಬ್ಬೆ ಒಡೆಯಬೇಡಿರಿ. ಶುಭ್ರ ಬಟ್ಟೆ ಹೊದಿಸಿ ವೈದ್ಯರಲ್ಲಿಗೆ ಬನ್ನಿರಿ.

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಅವರನ್ನು ಮುಟ್ಟಬೇಡಿರಿ, ಮೊದಲು ಮೇನ್ ಸ್ವಿಚ್ ಆರಿಸಿರಿ. ಅದು ಆಗದಿದ್ದರೆ ಒಣ ನೆಲದ ಮೇಲೆ ನಿಂತು ಒಣ ಕಟ್ಟಿಗೆಯಿಂದ ದೂಡಿರಿ. ಎಚ್ಚರವಿಲ್ಲದೆ, ಉಸಿರಿಲ್ಲದೆ ಬಿದ್ದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡಿರಿ, ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, ಎರಡು ಅಂಗುಲ ಇಳಿಯುವಂತೆ ಒತ್ತುತ್ತಲೇ ಇರಿ, ಆಂಬುಲೆನ್ಸ್ ಬರುವತನಕ ನಿಲ್ಲಿಸಬೇಡಿ. ಶಾಕ್ ಹೊಡೆದು ಎದ್ದು ಕುಳಿತವರೂ ಒಮ್ಮೆ ಇ.ಸಿ.ಜಿ. ಮಾಡಿಸಿಕೊಳ್ಳುವುದು ಕ್ಷೇಮ. ಚರ್ಮದ ಮೇಲೆ ಸಣ್ಣ ಕಪ್ಪು ಚುಕ್ಕೆ ಮಾತ್ರ ಕಂಡರೂ ಒಳಗಿನ ಸ್ನಾಯು ಆಳವಾಗಿ ಸುಟ್ಟಿರಬಹುದು. ಗರ್ಭಿಣಿಯರು ಶಾಕ್ ಎಷ್ಟೇ ಚಿಕ್ಕದಿದ್ದರೂ ವೈದ್ಯರನ್ನು ಕಾಣಲೇಬೇಕು.

ನೆನಪಿಡಿ

1. ಒಲೆ, ತವಾ, ಪಾತ್ರೆ ಜುಮ್ ಎಂದರೆ ಬಳಕೆ ನಿಲ್ಲಿಸಿ, ಪ್ಲಗ್ ಕಿತ್ತು, ದುರಸ್ತಿ ಮಾಡಿಸಿರಿ.

2. ಮೂರು ಕಡ್ಡಿಯ ಪ್ಲಗ್, 15 ಅಥವಾ 16 ಆಂಪಿಯರ್ ಸಾಕೆಟ್, ಅರ್ಥಿಂಗ್, ಆರ್.ಸಿ.ಸಿ.ಬಿ. ನಾಲ್ಕೂ ಇರಲಿ.

3. ಸ್ವಿಚ್ ಮುಟ್ಟುವ ಮೊದಲು ಕೈ ಒರೆಸಿಕೊಳ್ಳಿರಿ. ಒಲೆ ಒರೆಸುವ ಮೊದಲು ಪ್ಲಗ್ ತೆಗೆಯಿರಿ.

4. ಸಮ ತಳ, ದಪ್ಪ ತಳ, ವೃತ್ತದಷ್ಟು ಅಗಲದ ತಳ ನೋಡಿ ಕೊಳ್ಳಿರಿ. ಇಂಡಕ್ಷನ್ ಒಲೆಗಾದರೆ ಅಯಸ್ಕಾಂತ ಅಂಟಬೇಕು.

5. ಹುಳಿ ಅಡುಗೆಗೆ ಸ್ಟೀಲ್, ರೊಟ್ಟಿಗೆ ಕಬ್ಬಿಣ.

6. ಖಾಲಿ ಪಾತ್ರೆ ಒಲೆಯ ಮೇಲೆ ಬಿಡಬೇಡಿರಿ. ಗಾಜು ಬಿರುಕು ಬಿಟ್ಟ ಒಲೆ ಬಳಸಬೇಡಿರಿ.

ಮೈಲೂರಿನ ಆ ತಾಯಿ ಪಟ್ಟಿ ಬಿಚ್ಚಿಸಿಕೊಳ್ಳಲು ಬಂದಾಗ ಹೊಸ ಒಲೆ, ಸಮತಳದ ತವಾ ತಂದ ಸುದ್ದಿ ಹೇಳಿದರು. ಸಾಕೆಟ್ ಬದಲಾಗಿತ್ತು, ಅರ್ಥಿಂಗ್ ಕೂಡ ಹೊಸದಾಗಿ ಹಾಕಿಸಿದ್ದರು. "ಈಗ ಬರಿಗಾಲಲ್ಲೇ ಅಡಗಿ ಮಾಡ್ತೀನ್ರಿ" ಎಂದು ಹೆಮ್ಮೆಯಿಂದ ಹೇಳಿದರು. ಚಪ್ಪಲಿ ಇದ್ದರೂ ಇರಲಿ ಬಿಡಿ ಎಂದೆ. ಆದರೆ ಅದನ್ನೇ ನಂಬಿ ಒಲೆ ಹಚ್ಚುವ ದಿನ ಯಾರ ಮನೆಯಲ್ಲೂ ಬರಬಾರದು. ಇಂದು ಸಂಜೆ ಅಡುಗೆಗೆ ಮುಂಚೆ ನಿಮ್ಮ ಮನೆಯ ಒಲೆಯ ಪ್ಲಗ್ಗನ್ನೊಮ್ಮೆ ಕಿತ್ತು ನೋಡಿರಿ. ಮೂರನೆಯ ಕಡ್ಡಿ ಅಲ್ಲಿದೆಯೇ?